ಕಾಸಕ್ಕನ ತೂಬು

ಮುತ್ತುಗದಹಾಳಿನ ಕೆರೆಯನ್ನು ನೋಡಬೇಕೆಂದು ಬರುವವರು ಊರೊಳಗಿನ ಬೀದಿಯನ್ನು ಬಿಟ್ಟು ಏರಿಯ ಮೇಲಿನ ದಾರಿಯನ್ನೇ ಹಿಡಿಯಬೇಕು. ಎಡಕ್ಕೆ ನೀರು, ಬಲಕ್ಕೆ ಭತ್ತದ ಗದ್ದೆಗಳು, ಎದುರಿಗೆ ಪಾಳುಬಿದ್ದ ಕೋಟೆಯ ಬುರುಜು. ಏರಿಯ ನಡುಭಾಗಕ್ಕೆ ಬಂದಾಗ ನೀರಿನೊಳಗಿಂದ ಎದ್ದುನಿಂತ ಎರಡು ಕಲ್ಲುಕಂಬಗಳು ಕಾಣುತ್ತವೆ. ಅದೇ ತೂಬು. ಅಲ್ಲಿಂದ ಗದ್ದೆಯ ಕಡೆ ಮೆಟ್ಟಿಲಿಳಿದರೆ ನೀರು ಹೊರಬರುವ ಕಲ್ಲಿನ ಬಾಯಿ ಇದೆ. ಆ ಬಾಯಿಯ ಕೆಳದುಟಿಯ ಮೇಲೆ ಹಸಿರು ಕಲೆಯೊಂದು ನಾಲಿಗೆಯ ಹಾಗೆ ಇಳಿದಿದೆ. ಅದು ಪಾಚಿಯಲ್ಲ, ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ಪಕ್ಕದಲ್ಲಿ ಯಾರೋ ನಿಲ್ಲಿಸಿರುವ ಫಲಕದಲ್ಲಿ, ಹಿಂದೆ ನೀರು ಬಿಡಿಸಿಕೊಳ್ಳಲು ರೈತರು ಪಾಳೆಯಗಾರನಿಗೆ ಕಾಸು ಕೊಡಬೇಕಾಗಿದ್ದರಿಂದ ಇದಕ್ಕೆ ಕಾಸಕ್ಕನ ತೂಬು ಎಂಬ ಹೆಸರು ಬಂತೆಂದು ಬರೆದಿದ್ದಾರೆ. ಫಲಕದಲ್ಲಿ ಕಾಗುಣಿತದ ತಪ್ಪುಗಳೂ ಇವೆ. ಅವನ್ನು ಕ್ಷಮಿಸಬಹುದು, ಈ ಮಾತನ್ನು ಕ್ಷಮಿಸಲಾಗದು. ಈ ಊರಿನವರು ಪಾಳೆಯಗಾರನಿಗೆ ಕಾಸು ಕೊಟ್ಟದ್ದರಿಂದ ಬಂದ ಹೆಸರಲ್ಲ ಇದು, ಕೊಡದೆ ಇದ್ದುದರಿಂದ ಬಂದದ್ದು. ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷ ನನ್ನ ಅತ್ತೆಯವರು ಇದೇ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದನ್ನು, ಏನನ್ನೂ ಕೂಡಿಸದೆ, ಇಲ್ಲಿ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಆ ಬುರುಜಿನ ಮೇಲೆ ಇನ್ನೂ ಕಾವಲುಗಾರರು ನಿಲ್ಲುತ್ತಿದ್ದ ಕಾಲದಲ್ಲಿ, ಈ ತೂಬಿಗೆ ಮರದ ಬಿರಡೆ ಇತ್ತು. ಕೆರೆಯ ತಳದ ಕಲ್ಲಿನಲ್ಲಿ ಒಂದು ತೂತು, ಅದನ್ನು ಮುಚ್ಚಲು ಮೊಳಕ್ಕಿಂತ ದಪ್ಪನೆಯ ಬಿರಡೆ, ಅದನ್ನು ಮೇಲಿನಿಂದ ಎತ್ತಿ ಇಳಿಸಲು ಕಂಬಗಳ ನಡುವೆ ಒಂದು ಕೋಲು. ನೀರಿನಲ್ಲಿ ನೆನೆದ ಮರ ಎಷ್ಟು ಕಾಲ ತಡೆದೀತು? ಕೊಳೆತು ಒಡೆಯುತ್ತಿತ್ತು. ಒಡೆದಾಗಲೆಲ್ಲ ಊರಿನ ನೀರುಗಂಟಿ ತುಂಬಿದ ಕೆರೆಯಲ್ಲಿ ಮುಳುಗಿ, ಸೆಳೆಯುತ್ತಿರುವ ನೀರಿನ ಬಾಯಿಗೆ ಹೊಸ ಬಿರಡೆಯನ್ನು ಕೂರಿಸಿ ಬರಬೇಕಾಗಿತ್ತು. ನೀರುಗಂಟಿ ಎಂದರೆ ಕೆರೆಯ ನೀರನ್ನು ಹಂಚುವವನು; ಆ ಕೆಲಸ ಒಂದೇ ಮನೆತನದಲ್ಲಿ ಅಣ್ಣನಿಂದ ತಮ್ಮನಿಗೆ, ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಆ ಕಾಲದ ನೀರುಗಂಟಿ ದ್ಯಾವಣ್ಣ ಒಂದು ಮಳೆಗಾಲ ಹಾಗೆ ಮುಳುಗಿದವನು ಮೇಲೆ ಬರಲಿಲ್ಲ. ಬಿರಡೆ ಕೂರುವ ಬದಲು ಅವನ ತೋಳು ಆ ತೂತಿನಲ್ಲಿ ಕೂತುಬಿಟ್ಟಿತ್ತು ಎನ್ನುತ್ತಾರೆ.

ದ್ಯಾವಣ್ಣನ ಹೆಂಡತಿ ಗಾದ್ರಕ್ಕ ಸೂತಕ ಕಳೆದ ಮೇಲೆ ಕೋಟೆಗೆ ಹೋದಳು. ಹೋದದ್ದು ಅಳಲು ಅಲ್ಲ. ಮನೆಯಲ್ಲಿ ಅವಳ ಅಜ್ಜಿಯ ಕಾಲದ ತಾಮ್ರದ ಹಂಡೆಯೊಂದಿತ್ತು. ಮೂರು ತಲೆಮಾರು ಬಚ್ಚಲಿನಲ್ಲಿ ನೀರು ತುಂಬಿಕೊಂಡು ಕೂತಿದ್ದರೂ ಅದರ ತಳ ಸವೆದಿರಲಿಲ್ಲ; ಪಕ್ಕದ ಮರದ ಮಣೆಯನ್ನು ಮಾತ್ರ ಆಗಾಗ ಬದಲಿಸಬೇಕಾಗುತ್ತಿತ್ತು. ತೂಬಿಗೂ ತಾಮ್ರದ ಬಿರಡೆಯನ್ನೇ ಹಾಕಿಸಿಕೊಡಿ, ಇನ್ನು ಮುಂದೆ ಯಾರೂ ಮುಳುಗಬೇಕಾಗುವುದಿಲ್ಲ ಎಂದು ಅವಳು ಕೇಳಿದಳು. ಪಾಳೆಯಗಾರನ ಪಾರುಪತ್ಯಗಾರ ಲಕ್ಕರಸಯ್ಯ ವೀಳ್ಯ ಮಡಿಸುತ್ತಲೇ ಉತ್ತರ ಕೊಟ್ಟ. "ಮರಕ್ಕೆ ಬರ ಇಲ್ಲ. ನೀರುಗಂಟಿಗಳಿಗೇನು ಬರವೇ? ಅವನ ತಮ್ಮ ಇದ್ದಾನಲ್ಲ." ತಮ್ಮ ಬೊಮ್ಮಣ್ಣ ಆಗ ಅವಳ ಹಿಂದೆಯೇ ನಿಂತಿದ್ದ. ಗಾದ್ರಕ್ಕ ಕೈಮುಗಿಯದೆ ತಿರುಗಿ ನಡೆದಳು. ಬಾಗಿಲು ದಾಟಿದ ಮೇಲೆ, "ಬೊಮ್ಮ, ಇನ್ನು ಇವರನ್ನು ಕೇಳೋದಿಲ್ಲ. ನಾನೇ ಹಾಕಿಸ್ತೀನಿ" ಎಂದಳು. "ಯಾತರಲ್ಲಿ ಅತ್ಗೆ? ನಮ್ಮ ಹಂಡೆ ಕರಗಿಸಿದರೆ ಒಂದು ಹಿಡಿಕೆನೂ ಆಗಲ್ಲ" ಎಂದು ಬೊಮ್ಮಣ್ಣ ಕೇಳಿದ.

ಮಾರನೆಯ ದಿನದಿಂದ ಗಾದ್ರಕ್ಕ ಕೋಟೆ ಬಾಗಿಲಿನ ಮುಂದೆ ಮಂಡಕ್ಕಿ, ಹುರಿಗಡಲೆ ಮಾರಲು ಕೂತಳು. ಸಿಪಾಯಿಗಳು, ಗಾಡಿಯವರು, ಕುದುರೆ ಲಾಯದವರು ಕೊಳ್ಳುತ್ತಿದ್ದ ಆ ಪದಾರ್ಥಕ್ಕೆ ಸಿಗುತ್ತಿದ್ದುದು ತಾಮ್ರದ ಕಾಸು ಮಾತ್ರ. ಚಿಲ್ಲರೆ ವ್ಯಾಪಾರಿಗಳೆಲ್ಲ ಕಾಸು ಸ್ವಲ್ಪ ಸೇರುತ್ತಲೇ ಸರಾಫನ ಹತ್ತಿರ ಹೋಗಿ, ಅವನು ವಟ್ಟವೆಂದು ತನ್ನ ಪಾಲು ಮುರಿದುಕೊಂಡು ಕೊಟ್ಟಷ್ಟು ಬೆಳ್ಳಿ ತರುತ್ತಿದ್ದರು. ಗಾದ್ರಕ್ಕ ಹೋಗಲಿಲ್ಲ. ಸರಾಫನೇ ಒಂದು ದಿನ ಬಂದು, ವಟ್ಟ ಇಲ್ಲದೆ ಕೊಡುತ್ತೇನೆಂದ. "ಬ್ಯಾಡಿ ಶೆಟ್ರೇ. ಬೆಳ್ಳಿ ನೋಡಿದರೆ ನನ್ನ ಕಣ್ಣು ಕುಕ್ತದೆ" ಎಂದು ಹೇಳಿ ಕಳಿಸಿದಳು. ಹೊಟ್ಟೆಗೆ ಬೇಕಾದಷ್ಟನ್ನು ಬಿಟ್ಟು ಉಳಿದ ಕಾಸೆಲ್ಲ ಮನೆಗೆ ಹೋಗುತ್ತಿತ್ತು. ಊರಿನವರು ಅವಳ ಹೆಸರನ್ನು ಮರೆತು ಕಾಸಕ್ಕ ಎಂದು ಕರೆಯತೊಡಗಿದರು. ಹಾಗೆ ಕರೆದದ್ದು ಮರ್ಯಾದೆಗಲ್ಲ.

ತಾಮ್ರವನ್ನು ಮನೆಯಲ್ಲಿಟ್ಟುಕೊಳ್ಳುವುದು ಸುಲಭವೆಂದು ತಿಳಿಯಬೇಡಿ. ಚಿನ್ನವಾದರೆ ಸೊಂಟದ ಚೀಲದಲ್ಲಿ ಅಡಗುತ್ತದೆ. ತಾಮ್ರ ಮೊದಲು ಗಡಿಗೆಗಳನ್ನು ತುಂಬಿತು, ಆಮೇಲೆ ಜೋಳ ತುಂಬಿಡುವ ದೊಡ್ಡ ಮಣ್ಣಿನ ವಾಡೆಗಳನ್ನು ತುಂಬಿತು. ಭಾರಕ್ಕೆ ಗಡಿಗೆಗಳ ತಳ ಕಳಚುತ್ತಿತ್ತು. ನೆರೆಮನೆಯ ಕುಂಬಾರ ತಿಮ್ಮಕ್ಕ, "ನೀನೊಬ್ಬಳು ಬದುಕಿದ್ದರೆ ಸಾಕು ಕಣೇ ಕಾಸಕ್ಕ, ಗಡಿಗೆ ಸುಡೋ ನನ್ನ ಆವಿಗೆ ಆರೋದಿಲ್ಲ" ಎಂದು ನಗುತ್ತಿದ್ದಳು. ಒಂದು ದಿನ ಅಟ್ಟದ ತೊಲೆ ಲಟಕ್ಕೆಂದು ಮುರಿದು, ಕಾಸಿನ ಮಳೆ ಒಲೆಯ ಮೇಲೆ ಸುರಿದು, ಸಾರಿನ ಮಡಕೆ ಪುಡಿಯಾಯಿತು. ಮಳೆಗಾಲದಲ್ಲಿ ಕಾಸುಗಳು ಕಿಲುಬು ಹಿಡಿದು ಮನೆಯೆಲ್ಲ ನಾರುತ್ತಿತ್ತು. ಹೂತಿಡಬಾರದೇ ಎಂದು ತಿಮ್ಮಕ್ಕ ಕೇಳಿದ್ದಕ್ಕೆ, "ಹೂತರೆ ಹಾವು ಬಂದು ಕಾಯ್ತದಂತೆ. ನನ್ನ ದುಡಿಮೆ ಕಾಯೋಕೆ ಅದ್ಯಾವ ಹಾವು? ನಾನಿಲ್ಲವಾ?" ಎಂದಳಂತೆ. ಕೊನೆಗೆ ಅವಳು ಕಂಡುಕೊಂಡ ದಾರಿ ಬೇರೆ. ಕೆಮ್ಮಣ್ಣನ್ನು ತುಳಿದು ಹದಮಾಡಿ, ಒಂದೊಂದು ಮಣ್ಣಿನ ಉಂಡೆಯೊಳಗೂ ಹಿಡಿ ಕಾಸು ತುಂಬಿ, ಬೆರಣಿ ತಟ್ಟಿದ ಹಾಗೆ ಮನೆಯ ಗೋಡೆಗೆ ಒಳಗಿನಿಂದ ತಟ್ಟಿದಳು. ಮೇಲೆ ಸಗಣಿ ಸಾರಿಸಿದಳು. ವರ್ಷ ಕಳೆದಂತೆ ಮನೆ ಒಳಗೊಳಗೇ ಕಿರಿದಾಗುತ್ತ ಬಂತು, ಗೋಡೆ ದಪ್ಪವಾಗುತ್ತ ಬಂತು. ತೇವಕ್ಕೆ ಗೋಡೆ ಹಸಿರು ಬೆವರಿದಾಗಲೆಲ್ಲ ಮತ್ತೆ ಸಾರಿಸುವಳು. ನೋಡಿದ ಹೆಂಗಸರಿಗೆ ವಿಷಯ ತಿಳಿಯದೆ ಇರಲಿಲ್ಲ. ಕಾಸಕ್ಕನನ್ನು ಬಾಯಿ ತುಂಬ ಆಡಿಕೊಂಡರೇ ಹೊರತು ಆ ಗೋಡೆಯ ಸುದ್ದಿಯನ್ನು ಒಬ್ಬರೂ ಕೋಟೆಗೆ ಮುಟ್ಟಿಸಲಿಲ್ಲ.

ಅಷ್ಟು ಹೊತ್ತಿಗೆ ಬೊಮ್ಮಣ್ಣ ಎರಡು ಸಲ ಮುಳುಗಿ ಎದ್ದಿದ್ದ. ಎರಡನೆಯ ಸಲ ಎದ್ದಾಗ ಕಿವಿಯಿಂದ ರಕ್ತ ಬರುತ್ತಿತ್ತು. ಮರದ ಬಿರಡೆ ಮತ್ತೆ ಸೋರತೊಡಗಿದ ಬೇಸಿಗೆಯಲ್ಲಿ ಕೋಟೆಯಿಂದ ಡಂಗುರ ಬಂತು. ಶತ್ರುಗಳ ದಂಡು ಬರುವ ಸುದ್ದಿಯಿದೆ, ದೊಡ್ಡ ಫಿರಂಗಿ ಎರಕ ಹೊಯ್ಯಬೇಕು, ಯಾರ ಮನೆಯಲ್ಲಿ ತಾಮ್ರ ಇದ್ದರೂ ಒಪ್ಪಿಸಬೇಕು. ಲಕ್ಕರಸಯ್ಯ ಆಳುಗಳನ್ನು ಕರೆದುಕೊಂಡು ನೇರವಾಗಿ ಕಾಸಕ್ಕನ ಮನೆಗೇ ಬಂದ. "ಎಲ್ಲಿಟ್ಟಿದ್ದೀಯೆ?" "ಮನೆಯಲ್ಲೇ ಐತೆ ಬುದ್ಧೀ." "ಮನೆಯಲ್ಲಿ ಎಲ್ಲಿ?" "ಹುಡುಕೋಕೆ ಬಂದವರು ನೀವು." ಗಂಟು ಎಂದಮೇಲೆ ನೆಲದಡಿಯೇ ಇರಬೇಕು, ಅದರ ಮೇಲೆ ಹಾವೂ ಇರಬೇಕು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆಳುಗಳು ಹುತ್ತದ ತೂತು ಹುಡುಕಿದರು, ಒರಳು ಕಿತ್ತರು, ನಡುಮನೆಯನ್ನು ಸೊಂಟದ ಆಳಕ್ಕೆ ಅಗೆದರು. ಅಗೆದ ಮಣ್ಣನ್ನೆಲ್ಲ ಗೋಡೆಗೇ ಒಟ್ಟಿದರು. ಸಾಲದ್ದಕ್ಕೆ ಲಕ್ಕರಸಯ್ಯ ಬಿಸಿಲಿಗೆ ಬಳಲಿ ಅದೇ ಗೋಡೆಗೆ ಬೆನ್ನುಕೊಟ್ಟು ಕೂತು ಮಜ್ಜಿಗೆ ಕೇಳಿದ. ಗಾದ್ರಕ್ಕ ಕೊಟ್ಟಳು. ಬಚ್ಚಲಿನ ಹಂಡೆ ಅವನ ಲೆಕ್ಕಕ್ಕೆ ಬರಲಿಲ್ಲ; ಗಂಟು ಸಿಗದೆ ಏಳುವಾಗ, ಅಂಜನ ಹಾಕುವವನನ್ನು ಕರೆದುಕೊಂಡು ಮತ್ತೆ ಬರುತ್ತೇನೆಂದು ಹೆದರಿಸಿದ. "ಬನ್ನಿ. ಅಗೆದ ಗುಂಡಿ ಮುಚ್ಚಿ ಹೋಗಿ" ಎಂದಳು ಗಾದ್ರಕ್ಕ. ಮುಚ್ಚಲಿಲ್ಲ.

ಆ ಗುಂಡಿಯೇ ಅವಳ ಕೆಲಸಕ್ಕೆ ಬಂತು. ಅವರು ಮರಳಿ ಬರುವ ಮುಂಚೆ ಕೆಲಸ ಮುಗಿಯಬೇಕಾಗಿತ್ತು. ಕೆರೆಯೂ ತಳ ಕಂಡಿದ್ದರಿಂದ ಬಿರಡೆ ಕೂರಿಸಲು ಅದೇ ತಕ್ಕ ಸಮಯವಾಗಿತ್ತು. ಕಂಚುಗಾರ ವೀರಾಚಾರಿಯನ್ನು ಕರೆಸಿ, ಕೇರಿಯವರೆಲ್ಲ ನೋಡುತ್ತಿರುವಾಗಲೇ ಹಾರೆ ತೆಗೆದುಕೊಂಡು ತನ್ನ ಮನೆಯ ಗೋಡೆಯನ್ನು ತಾನೇ ಕೆಡವಿದಳು. ಮಣ್ಣಿನೊಳಗಿಂದ ಕಾಸು ಹರಿಯಿತು. ಯಾತಕ್ಕೆ ಇಷ್ಟು ವರ್ಷ ಕೂಡಿಟ್ಟಳೆಂಬುದು ಊರಿಗೆ ತಿಳಿದದ್ದು ಆಗ. ಆಳುಗಳು ತೋಡಿದ ಗುಂಡಿಯಲ್ಲೇ ಅಚ್ಚು ಇಳಿಸಿ ವೀರಾಚಾರಿ ಎರಕ ಹೊಯ್ದ. ಮೊದಲ ಎರಕ ಕೆಟ್ಟಿತು. ಆರಿದ ಮೇಲೆ ನೋಡಿದರೆ ದೋಸೆಯ ಹಾಗೆ ಮೈತುಂಬ ತೂತು. "ಬರೀ ತಾಮ್ರ ಅಚ್ಚಿಗೆ ಕೂರಲ್ಲ ತಾಯಿ, ಉಬ್ಬುಸ ಬಿಡ್ತದೆ. ಕಂಚು ಬೆರೀಬೇಕು. ಅದನ್ನೆಲ್ಲಿ ತರೋಣ?" ಎಂದು ಅವನು ತಲೆಯ ಮೇಲೆ ಕೈಹೊತ್ತು ಕೂತ. ಗಾದ್ರಕ್ಕನ ಮನೆಯಲ್ಲಿ ಉಳಿದದ್ದು ಒಂದು ಹಂಡೆ, ಅದೂ ತಾಮ್ರದ್ದೇ.

ತಿಮ್ಮಕ್ಕ ಎದ್ದು ಹೋದವಳು ತನ್ನ ಮದುವೆಯ ಕಂಚಿನ ಗಂಗಾಳವನ್ನು ತಂದು ಕುಲುಮೆಯ ಮುಂದೆ ಧೊಪ್ಪನೆ ಹಾಕಿದಳು. "ನಾನು ಕುಂಬಾರಗಿತ್ತಿ. ನನಗೆ ಉಣ್ಣೋಕೆ ಮಣ್ಣಿನ ಪರಿಯಾಣ ಸಾಕು. ಏನು ನೋಡ್ತೀರೇ ಮಿಕ್ಕವರು? ನಿಮ್ಮ ಗದ್ದೆಗೆ ಬೇರೆ ಕೆರೆ ಐತಾ?" ಎಂದು ಕೇರಿಗೆ ಕೇಳುವಂತೆ ಕೂಗಿದಳು. ಆಮೇಲೆ ಒಡೆದ ಬಟ್ಟಲು, ಕಿವಿ ಮುರಿದ ಚರಿಗೆ, ದೀಪದ ಕಾಲು, ಎತ್ತಿನ ಗಂಟೆ ಒಂದೊಂದಾಗಿ ಬಂದವು. ಕೊಟ್ಟವರಲ್ಲಿ ಕಾಸಕ್ಕನನ್ನು ಹೆಚ್ಚು ಆಡಿಕೊಂಡವರೇ ಹೆಚ್ಚು. ಎರಡನೆಯ ಎರಕ ಕೂತಿತು. ಲೋಹ ಗಟ್ಟಿಯಾಗುವ ಹೊತ್ತಿಗೆ ಗೋಡೆಯ ಮಣ್ಣಿನಲ್ಲಿ ಇನ್ನೂ ಒಂದು ಹಿಡಿ ಕಾಸು ಸಿಕ್ಕಿತು. ಗಾದ್ರಕ್ಕ ಅದನ್ನೂ ಇಟ್ಟುಕೊಳ್ಳದೆ ಬಿರಡೆಯ ತಲೆಯ ಮೇಲೆ ಎರಚಿದಳು. ಅವು ಅರ್ಧ ಕರಗಿ, ಅರ್ಧ ಹಾಗೇ ಅಂಟಿಕೊಂಡವು. ಬೊಮ್ಮಣ್ಣನೂ ಊರಿನವರೂ ಅದನ್ನು ಉರುಳಿಸಿಕೊಂಡು ಹೋಗಿ, ಒಣಗಿದ ತಳದಲ್ಲಿ ನಿಂತು, ಮೇಲಿನಿಂದ ಒಂದು ಗೇಣು ಎತ್ತಲು ಬರುವಂತೆ, ಹೊರಗೆ ತೆಗೆಯಲು ಮಾತ್ರ ಬಾರದಂತೆ, ಕಂಬಗಳ ನಡುವಿನ ಅಡ್ಡಕಲ್ಲಿನ ಕೆಳಗೆ ಕೂರಿಸಿದರು. ಅದನ್ನು ಕೀಳಬೇಕಾದರೆ ಯಾರಾದರೂ ತಳಕ್ಕೇ ಇಳಿಯಬೇಕು.

ಆ ವರ್ಷ ಮಳೆ ಬೇಗ ಹಿಡಿಯಿತು. ಲಕ್ಕರಸಯ್ಯ ಅಂಜನದವನೊಡನೆ ಮರಳಿ ಬಂದಾಗ ಗೋಡೆಯಿಲ್ಲದ ಮನೆ ಕಂಡಿತು, ಏರಿಯ ಮೇಲೆ ಊರಿನವರೆಲ್ಲ ನಿಂತಿದ್ದರು, ಕೆರೆ ಅರ್ಧ ತುಂಬಿತ್ತು. "ತಾಮ್ರ ಎಲ್ಲೇ?" ಎಂದು ಅವನು ಗದರಿದ. ಗಾದ್ರಕ್ಕ ನೀರಿನ ಕಡೆ ಕೈ ತೋರಿಸಿದಳು. "ಅಲ್ಲೈತೆ. ತೆಗೆದುಕೊಳ್ಳಿ. ತೆಗೆದರೆ ಕೆರೆ ಖಾಲಿಯಾಗ್ತದೆ. ನಿಮ್ಮ ಕೋಟೆ ಕಂದಕದ ನೀರೂ ಇದೇ ಕೆರೆಯದು ಅನ್ನೋದು ನೆನಪಿರಲಿ. ದಂಡು ಬಂದಾಗ ಒಣಗಿದ ಕಂದಕದ ದಡದಲ್ಲಿ ಫಿರಂಗಿ ನಿಲ್ಲಿಸಿಕೊಳ್ಳಿ." ಲಕ್ಕರಸಯ್ಯನ ಮುಖ ಕಪ್ಪಾಯಿತು. ಕಂದಕದ ಮಾತು ಅವನಿಗೆ ನಾಟಿತ್ತು; ಆದರೂ ಇಷ್ಟು ಜನರ ಮುಂದೆ ಬರಿಗೈಯಲ್ಲಿ ಹಿಂದಿರುಗಲು ಅವನ ಮನಸ್ಸು ಒಪ್ಪಲಿಲ್ಲ. ಬೊಮ್ಮಣ್ಣನತ್ತ ತಿರುಗಿ, "ಏಯ್ ನೀರುಗಂಟಿ, ಇಳಿ. ಕಿತ್ತು ತಾ" ಎಂದ. ಬೊಮ್ಮಣ್ಣ ಕೈಕಟ್ಟಿಕೊಂಡು ನಿಂತೇ ಇದ್ದ. ಅವನ ಆಚೀಚೆ ನಿಂತವರೂ ಕದಲಲಿಲ್ಲ. ಗಾದ್ರಕ್ಕ ಒಂದು ಹೆಜ್ಜೆ ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇವತ್ತು ಈ ಊರಲ್ಲಿ ನೀರುಗಂಟಿಗಳಿಗೆ ಬರ ಬುದ್ಧೀ. ತಾಮ್ರ ಬೇಕಾದರೆ ಅಂಗಿ ಬಿಚ್ಚಿ ನೀವೇ ಇಳೀರಿ."

ಅವನು ನೀರನ್ನು ನೋಡಿದ. ಬಹಳ ಹೊತ್ತು ನೋಡಿದ ಎನ್ನುತ್ತಾರೆ. ಕೊನೆಗೆ, "ಬೇಸಿಗೆಗೆ ಕೆರೆ ಒಣಗುತ್ತದಲ್ಲ, ಆಗ ಬರುತ್ತೇನೆ" ಎಂದು ಕುದುರೆ ತಿರುಗಿಸಿದ. ಬೇಸಿಗೆ ಬಂತು. ಆದರೆ ಅಷ್ಟು ವರ್ಷ ಕೊಳೆತ ಮರದಿಂದ ಸೋರಿ ಬರಿದಾಗುತ್ತಿದ್ದ ಕೆರೆ ಆ ಬೇಸಿಗೆ ಬರಿದಾಗಲಿಲ್ಲ. ಬಿರಡೆಯಿಂದ ಹನಿಯೂ ಸೋರಿರಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲೂ ಅಷ್ಟೇ. ಕೋಟೆ ಉಳಿಯಿತೋ ಬಿತ್ತೋ, ಆ ಕಥೆಯನ್ನು ಬೇರೆಯವರು ಹೇಳಲಿ. ಬೊಮ್ಮಣ್ಣ ಹಲ್ಲು ಉದುರುವವರೆಗೆ ಬದುಕಿ, ತನ್ನ ಮನೆಯ ಒಣ ನೆಲದ ಮೇಲೆ ಸತ್ತ. ಆಮೇಲಿನ ನೀರುಗಂಟಿಗಳಲ್ಲಿ ಈ ಕೆರೆಯಲ್ಲಿ ಮುಳುಗಿ ಸತ್ತವನು ಒಬ್ಬನೂ ಇಲ್ಲ. ಕಾಸಕ್ಕ ಎಂಬ ಹೆಸರನ್ನು ಊರು ಮತ್ತೆಂದೂ ನಗುತ್ತ ಹೇಳಲಿಲ್ಲ.

ಕೆಳಕೇರಿಯಲ್ಲಿ ಅವಳ ಮನೆಯ ಜಗಲಿ ಈಗಲೂ ಇದೆ. ಅದರ ಮೇಲೆ ಗೋಡೆ ಎಬ್ಬಿಸಲು ಯಾರೂ ಹೋಗಿಲ್ಲ. ನಡುವಿನ ಗುಂಡಿಯನ್ನೂ ಮುಚ್ಚಿಲ್ಲ. ಮುಚ್ಚಬೇಕಾದವರು ಮುಚ್ಚದೆ ಹೋದರು ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಎಲ್ಲೋ ಒಮ್ಮೆ, ನೀರು ತೀರಾ ಇಳಿದ ವರ್ಷ, ತಿಳಿನೀರಿನ ಅಡಿಯಲ್ಲಿ ಬಿರಡೆಯ ತಲೆ ಕಾಣಿಸುವುದುಂಟು. ನಾನೂ ಒಂದು ಸಲ ನೋಡಿದ್ದೇನೆ. ಹಸಿರು ಕಟ್ಟಿದ ಲೋಹದ ಮೇಲೆ ದುಂಡನೆಯ ಅಂಚುಗಳು ಅರ್ಧ ಎದ್ದಿವೆ, ಗೋಡೆಯಿಂದ ಕೊನೆಗೆ ಸಿಕ್ಕಿದ ಆ ಹಿಡಿ ಕಾಸು. ನೋಡಲು ಬರುವವರು, ಎಲ್ಲ ತೀರ್ಥಗಳಲ್ಲಿ ಮಾಡುವಂತೆ, ಇಲ್ಲಿಯೂ ನೀರಿಗೆ ನಾಣ್ಯ ಎಸೆಯಲು ಹೋಗುತ್ತಾರೆ. ಕಳೆದ ತಿಂಗಳು ಒಬ್ಬ ಮಹನೀಯರು ಕೈ ಎತ್ತಿದಾಗ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಒದ್ದೆ ಕೈಯಿಂದಲೇ ಅವರ ಮಣಿಕಟ್ಟನ್ನು ಹಿಡಿದಳು. "ಜೇಬಲ್ಲಿ ಇಟ್ಕೊಳ್ಳಿ ಸ್ವಾಮಿ. ಈ ತೂಬು ಯಾರಿಂದಲೂ ಕಾಸು ತಗೊಳ್ಳಲ್ಲ." ಅವರು ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಫಲಕವನ್ನು ಓದಲು ಹೋದರು.