ಕಮಾನಿನ ಕೊನೆಯ ನಾಲ್ಕು ಬೆರಳು

ಪಿಟೀಲು ನುಡಿಸಿಕೊಂಡು ಊರೂರು ತಿರುಗುವ ಜಯಸಿಂಹ ಒಂದು ಬೆಳಿಗ್ಗೆ ತನ್ನ ಗುರುವನ್ನು ನೋಡಲು ಹೊಳೆಯ ದಂಡೆಗೆ ಬಂದ. ಅವನು ಆ ಕಡೆ ತಲೆ ಹಾಕಿ ಹನ್ನೊಂದು ವರ್ಷವಾಗಿತ್ತು.

ಗುರುವಿನ ಹೆಸರು ತುಂಗಮ್ಮ. ಎಂಬತ್ತು ದಾಟಿದ ಹೆಂಗಸು. ಒಂದು ಕಾಲಕ್ಕೆ ದೊಡ್ಡ ಪಿಟೀಲು ವಿದುಷಿ. ಈಗ ಬೆರಳುಗಳು ಸೆಟೆದುಕೊಂಡು, ವಾದ್ಯ ಮುಟ್ಟುವುದು ನಿಂತುಹೋಗಿತ್ತು. ಒಂದೇ ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಅವನು ಬಂದಾಗ ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

ಜಯಸಿಂಹ ನಮಸ್ಕಾರ ಮಾಡಿ, ಪಿಟೀಲಿನ ಪೆಟ್ಟಿಗೆಯನ್ನು ಅವರ ಕಾಲ ಬಳಿ ಇಟ್ಟ.

"ಇದನ್ನ ನೀವೇ ಇಟ್ಕೊಳ್ಳಿ ಅಮ್ಮ. ಯಾರಾದರೂ ಕಲಿಯೋರು ಬಂದರೆ ಕೊಡಿ. ನಾನು ಇನ್ನು ನುಡಿಸಲ್ಲ."

"ಕೈಗೇನಾದರೂ ಆಯ್ತೇನೋ?"

"ಕೈ ಚೆನ್ನಾಗಿದೆ."

"ಕರೆಯೋರು ಇಲ್ವೋ?"

"ಕರೀತಾರೆ. ಬಿಡುವೇ ಇಲ್ಲ."

"ಮತ್ತಿನ್ನೇನು?"

ಜಯಸಿಂಹ ಜಗಲಿಯ ಅಂಚಿನಲ್ಲಿ ಕೂತ. ಆಮೇಲೆ ಹೇಳಿದ.

ಅವನಿಗೆ ಎಲ್ಲೂ ನೌಕರಿಯಿರಲಿಲ್ಲ. ಯಾರು ಕರೆದರೆ ಅಲ್ಲಿಗೆ ಹೋಗುವುದು, ನುಡಿಸುವುದು, ಬರುವುದು. ಹೋದ ತಿಂಗಳು ಮುಂಬೈಯಲ್ಲಿ ಎಪ್ಪತ್ತು ಜನರ ವಾದ್ಯವೃಂದ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಮೂರನೆಯ ಸಾಲಿನ ಆರನೆಯ ಕುರ್ಚಿ, ಅಷ್ಟೇ. ಅದಾದ ಮೇಲೆ ಒಂದು ಆರತಕ್ಷತೆ. ಅವನು ನುಡಿಸುತ್ತಿರುವಾಗಲೇ ಒಬ್ಬರು ಬಗ್ಗಿ, ಊಟದ ಹಾಲ್ ಯಾವ ಕಡೆ ಎಂದು ಕೇಳಿದರು. ಅವನು ಕಮಾನು ಹಿಡಿದ ಕೈಯಿಂದಲೇ ದಾರಿ ತೋರಿಸಿದ. ನಂತರ ಒಂದು ಹುಡುಗಿಯ ರಂಗಪ್ರವೇಶ. ಎರಡೂವರೆ ಗಂಟೆ ಅವಳ ಪಾದಗಳನ್ನೇ ನೋಡುತ್ತ ನುಡಿಸಿದ್ದ. ಅವಳ ಮುಖ ಹೇಗಿತ್ತು ಎಂದರೆ ಹೇಳಲಾರ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಯಾರದೋ ಮನೆಯ ಮಹಡಿಯಲ್ಲಿ, ಹಾಡುಗಾರರೊಬ್ಬರಿಗೆ ಪಕ್ಕವಾದ್ಯ. ಕೇಳುವವರು ಹನ್ನೊಂದೇ ಜನ.

"ಎಪ್ಪತ್ತು ಜನರ ಮಧ್ಯೆ ಒಂಟಿ ಅನ್ನಿಸಿದರೆ ಹೋಗಲಿ ಅನ್ಕೋಬಹುದು ಅಮ್ಮ. ಹನ್ನೊಂದು ಜನರ ಮಧ್ಯೆಯೂ ಹಾಗೇ ಅನ್ನಿಸಿತು."

"ಏನಾಯ್ತು ಅಲ್ಲಿ?"

"ಕನ್ನಡಕ ಮರೆತು ಬಂದಿದ್ದೆ. ಹತ್ತೇ ನಿಮಿಷಕ್ಕೆ ವಾಪಸು ಹೋದೆ. ಮನೆಯಾಕೆ ಬಾಗಿಲು ತೆಗೆದು, ಯಾರು ಬೇಕಾಗಿತ್ತು ಅಂದರು. ಎರಡು ಗಂಟೆ ನನ್ನೆದುರಿಗೇ ಕೂತಿದ್ದೋರು."

ತುಂಗಮ್ಮ ಹುರುಳಿಕಾಯಿಯ ಮೊರವನ್ನು ಪಕ್ಕಕ್ಕಿಟ್ಟರು.

"ಕನ್ನಡಕ ಸಿಕ್ತೋ?"

"ಸಿಕ್ತು."

"ಸರಿ. ಪೆಟ್ಟಿಗೆ ಎತ್ಕೊಂಡು ನಡಿ. ಆಚೆ ದಡದಲ್ಲಿ ಒಂದು ಕಡೆ ನುಡಿಸೋದಿದೆ. ಬಿಡೋದಿದ್ದರೆ ಆಮೇಲೆ ಬಿಡುವೆಯಂತೆ."

"ಎಷ್ಟು ಜನ ಇರ್ತಾರೆ?" ಎಂದು ಜಯಸಿಂಹ ಅಭ್ಯಾಸಬಲದಿಂದ ಕೇಳಿದ.

"ಒಬ್ಬರು."

ತೆಪ್ಪದಲ್ಲಿ ಹೊಳೆ ದಾಟಿದರು. ತುಂಗಮ್ಮನವರನ್ನು ಅವನೇ ಕೈಹಿಡಿದು ಇಳಿಸಿದ. ದಡದಿಂದ ನಾಲ್ಕು ಹೆಜ್ಜೆಗೆ ಒಂದು ಹಳೆಯ ಮನೆ. ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುದುಕರೊಬ್ಬರು ಕೂತಿದ್ದರು.

"ಇವರು ಪುಟ್ಟಾಚಾರ್. ನೀನು ಕಲಿಯೋಕೆ ಬರೋ ಮುಂಚೆ ನಲವತ್ತು ವರ್ಷ ನನಗೆ ಮೃದಂಗ ನುಡಿಸಿದೋರು," ಎಂದರು ತುಂಗಮ್ಮ.

ಜಯಸಿಂಹ ಕೈಮುಗಿದು ತನ್ನ ಹೆಸರು ಹೇಳಿದ. ಪುಟ್ಟಾಚಾರ್ ಸುಮ್ಮನೆ ಅವನ ಮುಖ ನೋಡಿದರು. ತುಂಗಮ್ಮ ಅಲ್ಲೇ ಇದ್ದ ಸ್ಲೇಟು ತೆಗೆದುಕೊಂಡು, ಸೊಟ್ಟ ಬೆರಳಿನಲ್ಲಿ ಬಳಪ ಹಿಡಿದು, "ನನ್ನ ಶಿಷ್ಯ. ಪಿಟೀಲು" ಎಂದು ಬರೆದು ತೋರಿಸಿದರು.

"ಇವರಿಗೆ ಕಿವಿ ಕೇಳಿಸಲ್ವೇ ಅಮ್ಮ?"

"ಆರು ವರ್ಷವಾಯ್ತು. ಗುಡುಗಿದರೂ ಕೇಳಿಸಲ್ಲ."

"ಮತ್ತೆ ಇವರ ಮುಂದೆ ನುಡಿಸಿ ಏನು ಪ್ರಯೋಜನ?"

"ನೀನು ಯಾರು ಅಂತ ಗೊತ್ತಾಗಲಿಲ್ಲ ಅಂತ ತಾನೆ ನಿನ್ನ ಕೊರಗು? ಕೇಳಿದೋರಿಗೆ ಗೊತ್ತಾಗಲಿಲ್ಲ. ಕೇಳದೋರಿಗೆ ಗೊತ್ತಾಗುತ್ತೋ ನೋಡೋಣ."

ಜಯಸಿಂಹನಿಗೆ ಒಳಗೊಳಗೇ ಬೇಸರವಾಯಿತು. ಆದರೂ ಚಾಪೆಯ ಮೇಲೆ ಕೂತು ಶ್ರುತಿ ಮಾಡಿಕೊಂಡ. ಪುಟ್ಟಾಚಾರ್ ಕುರ್ಚಿಯಿಂದ ಇಳಿದು, ಅವನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಬಂದು ಕೂತರು.

ಅವನು ಸಹಾನ ರಾಗ ಹಿಡಿದ. ಸ್ವಲ್ಪ ಆಲಾಪನೆ ಮಾಡಿ ಒಂದು ಕೀರ್ತನೆ ಎತ್ತಿಕೊಂಡ. ಪುಟ್ಟಾಚಾರ್ ಕಣ್ಣು ಅವನ ಕಮಾನಿನ ಮೇಲೆ ನೆಟ್ಟು, ತೊಡೆಯ ಮೇಲೆ ತಾಳ ಹಾಕತೊಡಗಿದರು.

ಮೊದಮೊದಲು ಅವನು ಕಾಟಾಚಾರಕ್ಕೆ ನುಡಿಸಿದ. ಕೇಳದ ಮನುಷ್ಯನ ಮುಂದೆ ಅಪಸ್ವರ ಬಂದರೂ ಒಂದೇ, ಬರದಿದ್ದರೂ ಒಂದೇ. ಆದರೆ ತಾಳ ಹಾಕುವ ಆ ಕೈ ಅವನನ್ನು ಬಿಡಲಿಲ್ಲ. ಎರಡು ಸಲ ಅವನು ಅವಸರ ಮಾಡಿದಾಗ ಮುದುಕರ ಅಂಗೈ ಬೀಳದೆ ಮೇಲೇ ನಿಂತು ಅವನನ್ನು ಕಾಯಿತು. ಅವನು ನಾಚಿ, ನಿಧಾನಿಸಿ, ಸೇರಿಕೊಂಡ. ಇಬ್ಬರೂ ಜೊತೆಯಾಗಿ ಚರಣ ದಾಟಿದರು.

ಇನ್ನೇನು ಮುಗಿಯಬೇಕು. ಜಯಸಿಂಹ ಕೊನೆಯ ಷಡ್ಜ ಹಿಡಿದು ಕಮಾನು ಎತ್ತಿದ.

ಮುದುಕರ ಕೈ ಗಾಳಿಯಲ್ಲೇ ನಿಂತಿತು. ಅವರು ತುಂಗಮ್ಮನ ಕಡೆ ತಿರುಗಿ, ಕಿವುಡರು ಮಾತಾಡುವ ದೊಡ್ಡ ದನಿಯಲ್ಲಿ, "ಹೊರಟುಹೋದ," ಎಂದರು.

ಜಯಸಿಂಹ ಗಾಬರಿಯಾಗಿ ಗುರುವನ್ನು ನೋಡಿದ. "ಯಾರು ಹೋದರು ಅಮ್ಮ? ನಾನು ಇಲ್ಲೇ ಇದ್ದೀನಲ್ಲ."

ತುಂಗಮ್ಮ ಸ್ಲೇಟಿನ ಮೇಲೆ "ಯಾರು?" ಎಂದು ಬರೆದರು.

"ಇವನೇ. ಕೊನೆ ಸ್ವರದಲ್ಲಿ ಕಮಾನು ಇನ್ನೂ ನಾಲ್ಕು ಬೆರಳು ಬಾಕಿ ಇತ್ತು, ಎತ್ತಿಬಿಟ್ಟ. ಅದಕ್ಕೂ ಮುಂಚೆಯೇ ಇವನ ಕಣ್ಣು ಪೆಟ್ಟಿಗೆ ಮೇಲೆ ಹೋಯ್ತು. ನಾನು ಇಲ್ಲಿ ತಾಳ ಹಾಕ್ತಾ ಇದ್ದೀನಿ, ಇವನು ಆಗಲೇ ಬೀದಿಯಲ್ಲಿದ್ದಾನೆ."

ಜಯಸಿಂಹ ಪೆಟ್ಟಿಗೆಯ ಕಡೆ ನೋಡಿದ. ಅದರ ಮುಚ್ಚಳ ಅವನ ಬಲಗೈಗೆ ಎಟುಕುವಂತೆ ತೆರೆದೇ ಇತ್ತು. ಅದನ್ನು ಹಾಗೆ ಇಟ್ಟುಕೊಂಡು ಕೂರುವುದು ಅವನಿಗೆ ಎಷ್ಟೋ ವರ್ಷಗಳ ರೂಢಿ.

ರೈಲು ತಪ್ಪೀತು ಎಂದು ಹಾಗೆ ಶುರುವಾದದ್ದು. ಆಮೇಲೆ ರೈಲಿಲ್ಲದ ದಿನವೂ ಹಾಗೇ. ಕಛೇರಿ ಮುಗಿದೊಡನೆ ಜನ ಎದ್ದು ಹಾಡುಗಾರರ ಸುತ್ತ ಸೇರುತ್ತಾರೆ. ತನ್ನ ಹತ್ತಿರ ಯಾರೂ ಬರುವುದಿಲ್ಲ. ಅದನ್ನು ಕಣ್ಣಾರೆ ನೋಡುವ ಮುಂಚೆ ಪೆಟ್ಟಿಗೆ ಮುಚ್ಚಿ ಮೆಟ್ಟಿಲಿಳಿದಿರಬೇಕು. ಎಪ್ಪತ್ತು ಜನರಿರಲಿ, ಹನ್ನೊಂದು ಜನರಿರಲಿ, ಅವನು ಮೊದಲು ಹೊರಬಿದ್ದವನು.



"ಇನ್ನೊಂದು ಸಲ ನುಡಿಸು," ಎಂದರು ತುಂಗಮ್ಮ.

"ಅಮ್ಮ, ಪೆಟ್ಟಿಗೆ..."

"ನಾನು ಆಚೆ ಇಡ್ತೀನಿ."

ಅವರೇ ಎದ್ದು, ಕಷ್ಟಪಟ್ಟು ಬಗ್ಗಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ನಡುಮನೆಯಿಂದ ಹೊರಗೆ ಒಯ್ದರು.

ಜಯಸಿಂಹ ಮತ್ತೆ ನುಡಿಸಿದ. ಕೊನೆಯ ಷಡ್ಜ ಬಂತು. ಕೈ ಎಂದಿನಂತೆ ಎದ್ದುಬಿಡಲು ನೋಡಿತು. ಅವನು ತಡೆದ. ಕಮಾನು ಸರಿಯಿತು, ಇನ್ನೂ ಸರಿಯಿತು, ನಾಲ್ಕು ಬೆರಳಿನಷ್ಟು ಜಾಗ ಸವೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ತುದಿ ತಲುಪಿದಾಗ ಮುದುಕರ ಅಂಗೈ ತೊಡೆಯ ಮೇಲೆ ಮೆಲ್ಲಗೆ ಬಿತ್ತು.

ಪುಟ್ಟಾಚಾರ್ ಭೇಷ್ ಎನ್ನಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತರು.

ಜಯಸಿಂಹನೂ ಕೂತ. ಇಷ್ಟು ವರ್ಷ ಯಾವುದಕ್ಕೆ ಹೆದರಿ ಓಡುತ್ತಿದ್ದನೋ ಅದು ಬಂತು. ಯಾರೂ ಮಾತಾಡಿಸಲಿಲ್ಲ, ಯಾರೂ ಹತ್ತಿರ ಬರಲಿಲ್ಲ. ಕಣ್ಣು ತುಂಬಿತು. ಅವನು ಕಮಾನನ್ನು ಮಡಿಲಲ್ಲಿಟ್ಟುಕೊಂಡು ಹಾಗೆಯೇ ಕೂತಿದ್ದ. ಬಿಸಿಲು ಚಾಪೆಯಿಂದ ಗೋಡೆಗೆ ಸರಿಯಿತು.

ಮಧ್ಯಾಹ್ನ ತೆಪ್ಪ ಹತ್ತಿ ಹಿಂದಿರುಗುವಾಗ ಜಯಸಿಂಹ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅರ್ಧ ಹೊಳೆ ದಾಟಿದಾಗ ಅವನು ಹೇಳಿದ.

"ಗುರುವಾರ ಉಡುಪಿಯಲ್ಲಿ ಒಂದು ಕಛೇರಿಗೆ ಕರೆದಿದ್ದರು ಅಮ್ಮ. ಬರಲ್ಲ ಅಂದುಬಿಟ್ಟಿದ್ದೆ."

"ಹೂಂ."

"ಬರ್ತೀನಿ ಅಂತ ಇವತ್ತೇ ಹೇಳ್ತೀನಿ."

"ಹೇಳು."

ನೀರು ತೆಪ್ಪದ ಅಡಿಗೆ ಬಡಿಯುತ್ತಿತ್ತು. ಜಯಸಿಂಹ ಕೊನೆಗೆ ಕೇಳಿದ.

"ಕಮಾನು ಪೂರ್ತಿ ಎಳೀತೀನಿ ಅಮ್ಮ. ಕೂತೂ ಇರ್ತೀನಿ. ಆದರೆ ಎಲ್ಲ ಮುಗಿದು ಜನ ಎದ್ದು ಹೋದ ಮೇಲೆ, ಅಲ್ಲಿ ನನ್ನ ಪಾಲಿಗೆ ಅಂತ ಯಾರಿರ್ತಾರೆ?"

ತುಂಗಮ್ಮ ಅವನ ಕಡೆ ತಿರುಗಿದರು.

"ಮೊದಲು ನೀನಿರು."