ಸೂರ್ಯನ ದಾಹ ಏಕೆ ತೀರುವುದಿಲ್ಲ

ಲೋಕ ಇನ್ನೂ ಹೊಸದಾಗಿತ್ತು. ಆಗ ಹೊಳೆಗೆ ಹರಿಯಲು ದಾರಿಯೇ ಇರಲಿಲ್ಲ. ಬೆಟ್ಟದ ಹಿಂದೆ ಸಿಕ್ಕಿಹಾಕಿಕೊಂಡು, ದಾರಿ ಬಿಡಿ, ದಾರಿ ಬಿಡಿ ಎಂದು ಗೊಣಗುತ್ತಿತ್ತು.

ಬೆಟ್ಟ ಒಡೆಯುವ ಕೆಲಸಕ್ಕೆ ದುರುಗವ್ವ ಮತ್ತು ಅವಳ ಗಂಡ ಮಾನಪ್ಪ ನಿಂತರು. ಮೇಲ್ವಿಚಾರಣೆಗೆ ಸೂರ್ಯ ನಿಂತ. ನಿಂತ ಅನ್ನುವುದೇ ತಪ್ಪು, ಮಗು. ಅವನು ಮೇಲೆ ಕೂತ. ಕೆಳಗಿಳಿದು ಒಂದು ಕಲ್ಲೂ ಎತ್ತಲಿಲ್ಲ.

ಕೂತವನು ಕಟ್ಟಳೆ ಬೇರೆ ಮಾಡಿದ. ತಾನು ಮುಳುಗುವ ತನಕ ಯಾರೂ ನೀರು ಮುಟ್ಟಬಾರದಂತೆ. ನೀರು ಕುಡಿದರೆ ಕೈ ನಿಲ್ಲುತ್ತದಂತೆ, ಕೈ ನಿಂತರೆ ಕೆಲಸ ಕೆಡುತ್ತದಂತೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ತಾನೇ ಬೆಂಕಿಯಾದವನಿಗೆ ಬಿಸಿಲಿನ ಸಂಕಟ ಏನು ಗೊತ್ತು?

ಮೊದಲ ದಿನ ಒಡೆದರು. ಎರಡನೆಯ ದಿನವೂ ಒಡೆದರು. ಮೂರನೆಯ ದಿನ ಮಟಮಟ ಮಧ್ಯಾಹ್ನ ಮಾನಪ್ಪ ಸುತ್ತಿಗೆ ಕೈಬಿಟ್ಟು ಕುಸಿದ. ಅವನ ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿತು, ಕಣ್ಣು ಮಂಜಾಯಿತು.

ದುರುಗವ್ವ ಕಟ್ಟಳೆಯನ್ನು ಗಾಳಿಗೆ ತೂರಿ ಅವನನ್ನು ಬಂಡೆಯ ನೆರಳಿಗೆ ಎಳೆದಳು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ಆಗಲೇ ರೂಢಿಯಾಗಿತ್ತು. ಬೆಲ್ಲ ಕೊಟ್ಟಳು, ನೀರು ಕೊಟ್ಟಳು. ಮತ್ತೆ ನೀರು ಕೊಟ್ಟಳು. ಕೊಡ ಬರಿದಾಯಿತು, ಗಂಟು ಬಿಡಲಿಲ್ಲ. ಗಂಡ ಕೈತಪ್ಪಿ ಹೋಗುತ್ತಾನೆಂದು ಅವಳಿಗೆ ಭಯವಾಯಿತು.

ಆಗ ಗಾಳಿ ಬಂತು. ಅವನ ಬೆನ್ನು ಸವರಿ ನೋಡಿತು.

"ಬರೇ ನೀರು ಕೊಟ್ರ ಏನಾಗ್ತದ, ತಂಗಿ? ಇವನ ಮೈಯಾಗಿನ ಉಪ್ಪು ಹೋಗೇದ. ಬೆವರಿನ ಜೋಡಿ ಆ ಸೂರ್ಯ ನೆಕ್ಕಿ ತಿಂದಾನ."

ದುರುಗವ್ವ ಬುತ್ತಿಯಲ್ಲಿದ್ದ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಗುಟುಕು ಗುಟುಕಾಗಿ ಕುಡಿಸಿದಳು. ಗಂಟು ಮೆಲ್ಲಗೆ ಸಡಿಲವಾಯಿತು. ಮಾನಪ್ಪ ಕಣ್ಣು ಬಿಟ್ಟು, ಸುತ್ತಿಗೆ ಎಲ್ಲಿ ಎಂದು ಕೇಳಿದ. ಸಾಯುವುದು ತಪ್ಪಿದವನು ಕೇಳುವ ಮಾತೇ ಅದು? ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

ಸೀದಾ ಭೂಮಿತಾಯಿಯ ಹತ್ತಿರ ಹೋಗಿ ದೂರು ಕೊಟ್ಟಳು. ಸೂರ್ಯ ಒಪ್ಪಲಿಲ್ಲ. ತಾನು ಯಾರ ಮನೆಯ ಉಪ್ಪಿನ ಮಡಕೆಗೂ ಕೈ ಹಾಕಿದವನಲ್ಲ ಎಂದು ಜಂಬದಿಂದ ವಾದಿಸಿದ. ದುರುಗವ್ವ ಗಂಡನ ಒಣಗಿದ ಅಂಗಿಯನ್ನು ಹಾಸಿ ತೋರಿಸಿದಳು. ಅದರ ಬೆನ್ನಿನ ತುಂಬ ಬಿಳಿ ಬಿಳಿ ಗೆರೆಗಳಿದ್ದವು.

"ಇದು ಯಾರ ಎಂಜಲ?" ಎಂದಳು.

ಭೂಮಿತಾಯಿ ಅಂಗಿಯನ್ನು ಮುಟ್ಟಿ ನೋಡಿ ತೀರ್ಪು ಹೇಳಿದಳು.

"ಉಪ್ಪು ತಿಂದವ ನೀರು ಕುಡೀಲೇಬೇಕು. ಇನ್ನ ಮ್ಯಾಲ ದಿನಾ ಕುಡಿ. ಎಷ್ಟು ಕುಡದ್ರೂ ನಿನ್ನ ದಾಹ ತೀರೂದಿಲ್ಲ. ಕುಡದದ್ದು ಹೊಟ್ಟ್ಯಾಗ ನಿಲ್ಲೂದೂ ಇಲ್ಲ. ಮಳಿ ಮಾಡಿ ದುಡಿಯೋರ ತಲೀ ಮ್ಯಾಲ ಸುರಿ."

ಅಂದಿನಿಂದ ದುರುಗವ್ವ, ಮಾನಪ್ಪ ಕೊಡವನ್ನು ಪಕ್ಕದಲ್ಲೇ ಇಟ್ಟುಕೊಂಡರು. ಬಾಯಾರುವ ಮೊದಲೇ ಕುಡಿದರು, ನೆರಳಲ್ಲಿ ಕೂತು ಉಪ್ಪು ಹಾಕಿದ ಅಂಬಲಿ ಕುಡಿದರು. ಕೆಲಸ ಕೆಡಲಿಲ್ಲ. ಬೆಟ್ಟ ಬಾಯಿಬಿಟ್ಟು ಹೊಳೆ ಹರಿಯಿತು.

ಬೇಸಿಗೆಯಲ್ಲಿ ನಮ್ಮೂರ ಕೆರೆ ದಿನಕ್ಕೊಂದು ಮೆಟ್ಟಿಲು ಕೆಳಗಿಳಿಯುವುದು ಅದಕ್ಕೇ, ಮಗು: ದುಡಿಯುವವರಿಗೆ ನೀರು ಬೇಡ ಎಂದವನು ಇಂದಿಗೂ ಬಾಯಾರಿಕೆ ತಾಳಲಾರದೆ ಕುಡಿಯುತ್ತಲೇ ಇದ್ದಾನೆ.