ಯಾರೂ ಕೇಳದ ಚಹಾ

ಗುಡ್ಡದ ಮೇಲಿನ ಕುಂಬಾರಹಟ್ಟಿಗೆ ವಾರಕ್ಕೊಮ್ಮೆ ದವಾಖಾನೆಯ ಗಾಡಿ ಹೋಗುತ್ತಿತ್ತು. ತಾಲ್ಲೂಕಿಗೆ ಹೊಸದಾಗಿ ಬಂದ ಸಾಹೇಬರು ಅದನ್ನು ನಿಲ್ಲಿಸಲು ಹೊರಟರು. ಸಭೆ ಕರೆದು, ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ ತೋರಿಸಿ, "ನೋಡ್ರಿ, ಗಾಡಿ ಬೇಕು ಅಂತ ಆ ಹಟ್ಟಿಯಿಂದ ನಮ್ಮ ಆ್ಯಪಿಗೆ ಬಂದ ಕೋರಿಕೆ ಸೊನ್ನೆ. ಡೇಟಾ ಸುಳ್ಳು ಹೇಳಂಗಿಲ್ಲ," ಎಂದರು.

ಬಾಗಿಲಲ್ಲಿ ನಿಂತಿದ್ದ ಜವಾನ ದುರುಗಪ್ಪ ಇದನ್ನು ಕೇಳಿಸಿಕೊಂಡ. ಹಟ್ಟಿಯಲ್ಲಿದ್ದ ಅವನ ಅವ್ವನ ಜೀವ ಆ ಗಾಡಿಯ ಗುಳಿಗೆಯ ಮೇಲೇ ನಿಂತಿತ್ತು.

"ಏ, ಎಲ್ಲರಿಗೂ ಚಹಾ ತಾರೋ," ಎಂದರು ಸಾಹೇಬರು.

"ಆತ್ರೀ. ಬೇಕಾದವ್ರು ನನಗ ಫೋನ್ ಮಾಡ್ರಿ, ತರ್ತೀನಿ," ಎಂದವನೇ ದುರುಗಪ್ಪ ಹೊರಗೆ ನಡೆದ.

ಚಹಾ ಬರಲೇ ಇಲ್ಲ. ಎಲ್ಲರೂ ಫೋನು ಒತ್ತಿ ಒತ್ತಿ ಸೋತರು. ಕಡೆಗೆ ಸಾಹೇಬರೇ ಸಿಟ್ಟಿನಿಂದ ಹೊರಬಂದು ನೋಡಿದರೆ, ದುರುಗಪ್ಪ ಚಹಾ ತುಂಬಿದ ಕಿಟ್ಲಿಯ ಪಕ್ಕ ಆರಾಮಾಗಿ ಕೂತಿದ್ದಾನೆ.

"ಲೇ, ಚಹಾ ಯಾಕ ತರಲಿಲ್ಲ?"

"ಒಂದೂ ಫೋನ್ ಬರಲಿಲ್ರೀ. ಯಾರಿಗೂ ಬ್ಯಾಡ ಅಂತ ತಿಳಕೊಂಡೆ."

"ನಿನ್ನ ಫೋನ್ ಹತ್ತವಲ್ದಲ್ಲೋ! ಎಲ್ಲೈತಿ ಅದು?"

"ಮುಂಜಾನೆ ಕುಂಬಾರಹಟ್ಟ್ಯಾಗ ಮರತು ಬಂದೀನ್ರೀ. ಅಲ್ಲಿ ಸಿಗ್ನಲ್ ಇಲ್ರೀ."

ಬೈಯಲು ಹೊರಟಿದ್ದ ಸಾಹೇಬರು ಸಿಗ್ನಲ್ಲಿನ ಮಾತು ಕೇಳಿ ಬೈಗುಳ ಬಿಟ್ಟರು. ತಿರುಗಿ, ತೆರೆದ ಬಾಗಿಲಿನಿಂದ ಗೋಡೆಯ ಮೇಲಿನ ಸೊನ್ನೆಯನ್ನು ನೋಡಿದರು.

"ಗಾಡಿ ಹೋಗಲಿ," ಎಂದರು ಮೆಲ್ಲಗೆ. "ಈ ಸಲ ನಾನೂ ಬರ್ತೀನಿ. ಅವರ ಬಾಗಿಲಿಗೇ ಹೋಗಿ ಕೇಳೋಣು."